ಒಪ್ಪಿಡಿ ಎಂದರು, ಅಕ್ಕ ಒಪ್ಪಿದರು

ಆ ಕಾಗದ ಒಂಬತ್ತು ದಿನ ಕ್ಯಾಲೆಂಡರಿನ ಹಿಂದೆ ಇತ್ತು. ಕರೆಂಟ್ ಬಿಲ್ಲು, ರೇಷನ್ ಕಾರ್ಡಿನ ಜೆರಾಕ್ಸ್, ಯಾರದೋ ಮದುವೆ ಕಾಗದ, ಇವುಗಳ ನಡುವೆ ಒಂದು ರಿಜಿಸ್ಟರ್ಡ್ ಲಕೋಟೆ. ಅಕ್ಕ ಪೋಸ್ಟ್‌ಮ್ಯಾನ್ ಹತ್ತಿರ ಸಹಿ ಮಾಡಿ ತೆಗೆದುಕೊಂಡಿದ್ದರು. ಬಿಡಿಸಿಯೂ ನೋಡಿದ್ದರು. ಒಳಗೆ ಪೂರ್ತಿ ಮಲಯಾಳ. ಚಿನ್ನ ಇಟ್ಟ ಫೈನಾನ್ಸಿನ ಗುರುತು ಮೇಲೆ ಇತ್ತು, ಅಷ್ಟು ಗೊತ್ತಾಯಿತು. "ಓಣಂ ಬಂತಲ್ಲ, ಎಂತಾದರೂ ಆಫರ್ ಇರ್ಬೇಕು ಅಂತ ಗ್ರಹಿಸಿದೆ ಮಾರಾಯ್ತಿ" ಎಂದು ಆಮೇಲೆ ಹೇಳಿದರು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಕೇರಳದಲ್ಲಿ ಸರ್ಕಾರದ ಆನ್‌ಲೈನ್ ಕೆಲಸಗಳಿಗೆಲ್ಲ ಜನ ಬರುವ ಜಾಗ ಇದು. ಆಧಾರ್, ಆದಾಯ ಸರ್ಟಿಫಿಕೇಟ್, ಪಿಂಚಣಿ, ಭೂ ತೆರಿಗೆ, ಎಲ್ಲ ಇಲ್ಲೇ. ನಮ್ಮ ಕಡೆ ಇನ್ನೊಂದು ಕೆಲಸವೂ ಸೇರಿಕೊಳ್ಳುತ್ತದೆ, ಅದಕ್ಕೆ ಫೀಸು ಇಲ್ಲ: ಮಲಯಾಳದ ಕಾಗದ ಓದಿ ಹೇಳುವುದು. 2024ರ ಸೆಪ್ಟೆಂಬರ್ ಮೊದಲ ವಾರ ಅಕ್ಕ ಬಂದದ್ದು ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ಸರ್ಟಿಫಿಕೇಟ್ ಮಾಡಿಸಲು. ಯಾವ ಕಾಗದ ಬೇಕೋ ಗೊತ್ತಿಲ್ಲದೆ, ಕ್ಯಾಲೆಂಡರಿನ ಹಿಂದೆ ಇದ್ದದ್ದನ್ನೆಲ್ಲ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಸಿ ತಂದಿದ್ದರು. ರೇಷನ್ ಕಾರ್ಡ್ ಹುಡುಕುವಾಗ ಲಕೋಟೆ ನನ್ನ ಕೈಗೆ ಬಂತು.

ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಪದ ಇತ್ತು. ಲೇಲಂ. ನಾವು ಏಲಂ ಅನ್ನುತ್ತೇವಲ್ಲ, ಅದೇ. ನೋಟಿಸಿನ ತಾರೀಕಿನಿಂದ 14 ದಿನದ ಒಳಗೆ ಬಾಕಿ ಕಟ್ಟದಿದ್ದರೆ ಒತ್ತೆ ಇಟ್ಟ ಚಿನ್ನವನ್ನು ಏಲಂ ಮಾಡುತ್ತೇವೆ ಎಂದು ಬರೆದಿತ್ತು. ಲೆಕ್ಕ ಹಾಕಿದೆ. ಅಂಚೆಯಲ್ಲಿ ಬರಲು ಎರಡು ದಿನ, ಮನೆಯಲ್ಲಿ ಒಂಬತ್ತು ದಿನ. ಉಳಿದದ್ದು ಮೂರು. ಅದರಲ್ಲಿ ಒಂದು ಭಾನುವಾರ.

ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ, ಮನೆ ಎಲ್ಲಿ ಅಂತ ಬೇಡ, ಫೈನಾನ್ಸಿನ ಹೆಸರೂ ಬೇಡ ಎಂದರು. "ಲೆಕ್ಕ ಮಾತ್ರ ಸರಿ ಬರಿ" ಎಂದರು.

ಅಕ್ಕ ಮತ್ತು ಆ ಪ್ಲಾಸ್ಟಿಕ್ ಕವರು

ಅಕ್ಕನಿಗೆ ಆಗ 47 ವರ್ಷ. ಮನೆಮಾತು ತುಳು. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಹದಿನಾಲ್ಕನೇ ವಯಸ್ಸಿನಿಂದ ಬೀಡಿ ಕಟ್ಟುತ್ತಾರೆ. ಈಗಲೂ ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೂತರೆ ಕತ್ತಲಾಗುವವರೆಗೆ ಏಳುವುದಿಲ್ಲ. ಗಂಡ ಅಡಿಕೆ ಮರ ಹತ್ತುತ್ತಾರೆ, ಮಳೆಗಾಲ ಶುರುವಾಗುವಾಗ ಊರವರ ತೋಟಕ್ಕೆ ಬೋರ್ಡೋ ಮದ್ದು ಬಿಡುತ್ತಾರೆ. ಮನೆ ಸುತ್ತ 60 ಸೆಂಟ್ಸ್ ಅಡಿಕೆ ತೋಟ. ಮಗಳು ಒಬ್ಬಳು.

ಅಕ್ಕನಿಗೆ ಮಲಯಾಳ ಮಾತಾಡಲು ಬರುತ್ತದೆ. ಮೀನಿನವನ ಹತ್ತಿರ ಚೌಕಾಸಿ, ಬಸ್ ಕಂಡಕ್ಟರ್ ಹತ್ತಿರ ಜಗಳ, ಎಲ್ಲ ಮಲಯಾಳದಲ್ಲೇ. ಅಕ್ಷರ ಮಾತ್ರ ಬರುವುದಿಲ್ಲ. ನಮ್ಮ ಕಡೆ ನಲವತ್ತು ದಾಟಿದ ಕನ್ನಡ ಶಾಲೆಯವರನ್ನು ಕೇಳಿದರೆ ಹೀಗಿರುವವರು ತುಂಬಾ ಜನ ಸಿಗುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆ. ಆಫೀಸಿನ ಭಾಷೆ ಬದಲಾಯಿತು, ಶಾಲೆ ಕನ್ನಡದಲ್ಲೇ ಉಳಿಯಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಗಲಾಟೆಯೇ ಆಯಿತು. ಆ ಗಲಾಟೆಯ ಸರಿ ತಪ್ಪು ಇಲ್ಲಿ ಬೇಡ. ಅಕ್ಕನ ಮಗಳಿಗೆ ಅಕ್ಷರ ಬರುತ್ತದೆ, ಆದರೆ ಅವಳು ಹಾಸ್ಟೆಲಿನಲ್ಲಿ ಇದ್ದಳು.

ಕವರಿನಲ್ಲಿದ್ದದ್ದನ್ನು ನನ್ನ ಮೇಜಿನ ಮೇಲೆ ಹರಡಿದೆವು. ಜನಧನ ಖಾತೆಯ ಪಾಸ್‌ಬುಕ್. 2014ರಲ್ಲಿ ಆ ಯೋಜನೆ ಬಂದ ಹೊಸತರಲ್ಲಿ ಮಾಡಿಸಿದ್ದು. ಅದರಲ್ಲಿ ತೊಳಿಲುರಪ್ಪು, ಅಂದರೆ ಉದ್ಯೋಗ ಖಾತ್ರಿ ಕೆಲಸದ ಕೂಲಿ ಬಿಟ್ಟರೆ ಹೆಚ್ಚೇನೂ ಇಲ್ಲ. ಕುಟುಂಬಶ್ರೀ ಅಯಲ್‌ಕೂಟದ, ಅಂದರೆ ನೆರೆಹೊರೆಯ ಹೆಂಗಸರ ಉಳಿತಾಯ ಸಂಘದ ಪುಸ್ತಕ. ಪ್ರತಿ ವಾರದ ಉಳಿತಾಯ, ಒಂದು ವಾರವೂ ತಪ್ಪಿಲ್ಲ. ಬೀಡಿಯ ಪಿಎಫ್ ಚೀಟಿ. ಸೇವಾ ಸಹಕಾರಿ ಬ್ಯಾಂಕಿನ ಒಂದು ಹಳೆಯ ಪಾಸ್‌ಬುಕ್, ಗಂಡನದ್ದು. ಕೊನೆಗೆ ನಾಲ್ಕಾಗಿ ಮಡಚಿದ ಒಂದು ಗುಲಾಬಿ ಚೀಟಿ. ಚಿನ್ನ ಇಟ್ಟಾಗ ಫೈನಾನ್ಸಿನವರು ಕೊಟ್ಟದ್ದು.

ಇಷ್ಟೆಲ್ಲ ಇದ್ದೂ ಅಕ್ಕ ಹೇಳಿದ್ದು, "ನನಗೆ ಈ ಬ್ಯಾಂಕಿನದ್ದೆಲ್ಲ ಗೊತ್ತಿಲ್ಲ" ಅಂತ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕುಟುಂಬಶ್ರೀಯ ಲೆಕ್ಕ ಕೇಳಿ, ಯಾರಿಗೆ ಎಷ್ಟು ಸಾಲ, ಎಷ್ಟು ಕಂತು ಬಾಕಿ, ಬಡ್ಡಿ ಎಷ್ಟಾಯಿತು, ಬಾಯಲ್ಲೇ ಹೇಳುತ್ತಾರೆ. ಲೆಕ್ಕ ಗೊತ್ತಿಲ್ಲದವರಲ್ಲ. ಅವರ ಅತ್ತೆಯ ಕಾಲದಲ್ಲಿ ಪಿಗ್ಮಿ ಕಲೆಕ್ಟರ್ ಮನೆಗೇ ಬರುತ್ತಿದ್ದನಂತೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ಪಿಗ್ಮಿ, ದಿನಕ್ಕೆ ಎರಡಾಣೆಯಿಂದ ಶುರು. ನಮ್ಮ ಊರಿಗೂ ಅದೇ ದಾರಿಯಲ್ಲಿ ಬಂತು. ಅತ್ತೆಗೆ ಸಹಿ ಹಾಕಲೂ ಬರುತ್ತಿರಲಿಲ್ಲ, ಆದರೆ ಪಿಗ್ಮಿಯವನ ಹತ್ತಿರ ತುಳುವಿನಲ್ಲೇ ಬಡ್ಡಿ ಎಷ್ಟು ಎಂದು ಕೇಳುತ್ತಿದ್ದರು. ಸೊಸೆ ಏಳನೇ ಕ್ಲಾಸು ಓದಿದವಳು. ಅವಳಿಗೆ ಕೇಳಲು ಧೈರ್ಯ ಬರಲಿಲ್ಲ. ಇದನ್ನು ಯೋಚನೆ ಮಾಡಿದರೆ ನನಗೆ ಇನ್ನೂ ಒಂಥರಾ ಆಗುತ್ತದೆ.

ಬೋರ್‌ವೆಲ್ಲಿಗೆ ಹಣ

ಅಕ್ಕನ ತೋಟಕ್ಕೆ ನೀರು ಸುರಂಗದಿಂದ ಬರುತ್ತಿತ್ತು. ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತೆಗೆಯುವ ಪದ್ಧತಿ, ನಮ್ಮ ಕಡೆ ತುಂಬಾ ಮನೆಗಳಲ್ಲಿ ಇದೆ. 2023ರ ಏಪ್ರಿಲಿನಲ್ಲಿ ಸುರಂಗ ಬತ್ತಿತು. ಸಿಂಗಾರ, ಅಂದರೆ ಅಡಿಕೆಯ ಹೂಗೊನೆ, ಒಣಗಿತು, ಎಳೆ ಅಡಿಕೆ ಉದುರಲು ಶುರುವಾಯಿತು. ಬೋರ್ ಹಾಕಿಸುವುದು ಅಂತ ತೀರ್ಮಾನ ಆಯಿತು. ಕೊರೆಯುವುದು, ಪೈಪು, ಮೋಟಾರ್ ಎಲ್ಲ ಸೇರಿ ಕೈಯಲ್ಲಿದ್ದದ್ದು ಬಿಟ್ಟು 90,000 ಬೇಕಿತ್ತು.

ಸಹಕಾರಿ ಬ್ಯಾಂಕಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಜಾಮೀನಿಗೆ ಎರಡು ಜನ ಬೇಕು, ಯಾರ ಕಾಲು ಹಿಡಿಯುವುದು ಎಂದರು. ಜನಧನ ಖಾತೆ ಇದ್ದ ಬ್ಯಾಂಕಿಗೆ? "ಅಲ್ಲಿ ನಮ್ಮಂಥವರಿಗೆ ಲೋನು ಕೊಡ್ತಾರಾ?" ಅದು ನನ್ನನ್ನು ಕೇಳಿದ ಪ್ರಶ್ನೆ ಅಲ್ಲ, ಅವರ ಉತ್ತರ.

ಚಿನ್ನದ ಫೈನಾನ್ಸು ಪೇಟೆಯಲ್ಲೇ ಇತ್ತು. ಗಾಜಿನ ಬಾಗಿಲು, ಎಸಿ, ಕುಳಿತುಕೊಳ್ಳಲು ಕುರ್ಚಿ. ಮೂರು ಪವನಿನ ಸರ ಕೊಟ್ಟರು. ಪವನು ಎಂದರೆ ಎಂಟು ಗ್ರಾಂ, ಹಾಗಾದರೆ 24. ಕೊಂಡಿ, ಕೊಳೆ ಅಂತ ಕಳೆದು ನಿವ್ವಳ 23.6 ಗ್ರಾಂ ಎಂದು ಬರೆದರು. ಆಗ ಚಿನ್ನ ಗ್ರಾಂಗೆ ಐದೂವರೆ ಸಾವಿರದ ಆಚೀಚೆ ಇತ್ತು. ಚಿನ್ನದ ಬೆಲೆಯ ನೂರಕ್ಕೆ 75ಕ್ಕಿಂತ ಜಾಸ್ತಿ ಸಾಲ ಕೊಡುವ ಹಾಗಿಲ್ಲ ಎಂದು ಆಗ ರಿಸರ್ವ್ ಬ್ಯಾಂಕಿನ ನಿಯಮ ಇತ್ತು. 90,000 ಅದರ ಒಳಗೇ ಬಂತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. 20,000 ಕೈಗೆ, ಉಳಿದ 70,000 ಜನಧನ ಖಾತೆಗೆ.

ಈ ಅರ್ಧ ಗಂಟೆಯನ್ನು ಹಗುರವಾಗಿ ನೋಡಬಾರದು. ಬೋರ್‌ವೆಲ್ ಲಾರಿ ಮನೆ ಎದುರು ನಿಂತಿರುವಾಗ "ಮುಂದಿನ ವಾರ ಬನ್ನಿ" ಅನ್ನುವ ಜಾಗಕ್ಕೆ ಯಾರು ಹೋಗುತ್ತಾರೆ? ಫೈನಾನ್ಸಿನವರು ಕೊಟ್ಟದ್ದು ನಿಜವಾದ ಸೇವೆಯೇ.

ಮರುದಿನ ಅಕ್ಕ 70,000 ತೆಗೆಯಲು ಬ್ಯಾಂಕಿಗೆ ಹೋದರು. ಚೀಟಿ ತುಂಬಿಸಲು ಬೇರೆಯವರ ಹತ್ತಿರ ಹೇಳಿ, ಮುಕ್ಕಾಲು ಗಂಟೆ ಕ್ಯೂ ನಿಂತರು. ಅವರು ನಿಂತ ಜಾಗದ ಎದುರಿನ ಗೋಡೆಯಲ್ಲಿ ಒಂದು ಬೋರ್ಡ್ ಇತ್ತು. ಚಿನ್ನದ ಸಾಲ, ವರ್ಷಕ್ಕೆ ನೂರಕ್ಕೆ 9. ಇಂಗ್ಲಿಷಿನಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು. ಮುಕ್ಕಾಲು ಗಂಟೆ ಅದನ್ನೇ ನೋಡಿಕೊಂಡು ನಿಂತಿದ್ದೆ ಎಂದು ಅಕ್ಕನಿಗೆ ಗೊತ್ತಾದದ್ದು ಹದಿನಾರು ತಿಂಗಳ ನಂತರ.

ಗುಲಾಬಿ ಚೀಟಿ

ಫೈನಾನ್ಸಿನಲ್ಲಿ ಸಹಿ ಹಾಕಿದ ಹೊತ್ತಿನ ಬಗ್ಗೆ ಎರಡು ಮೂರು ಸಲ ಕೇಳಿದೆ, ಏನೆಲ್ಲ ಹೇಳಿದರು ಎಂದು. ಅಕ್ಕನಿಗೆ ಸರಿಯಾಗಿ ನೆನಪಿದ್ದದ್ದು ಎರಡು ಮಾತು. ಒಂದು, "ಮಾಸಂ ನೂರಿನ್ನು ಒರು ರೂಪ." ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಇನ್ನೊಂದು, ಬೆರಳಿಟ್ಟು ತೋರಿಸಿ, "ಇವಿಡೆ ಒಪ್ಪಿಡೂ."

ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಒಪ್ಪಿಡು ಎಂದರೆ ಸಹಿ ಹಾಕು, ಅಷ್ಟೇ. ನಮಗೆ ಒಪ್ಪುವುದು ಎಂದರೆ ಆಗಬಹುದು ಎನ್ನುವುದು, ಗೊತ್ತಿದ್ದು ತಲೆ ಅಲ್ಲಾಡಿಸುವುದು. ಅಕ್ಕ ಏಳು ಕಡೆ ಒಪ್ಪಿಟ್ಟರು. ಚಂದದ ಕನ್ನಡ ಅಕ್ಷರದಲ್ಲಿ, ಪೂರ್ತಿ ಹೆಸರು. ಮೇಲೆ ಬರೆದದ್ದು ಒಂದೂ ಓದಲು ಬರುತ್ತಿರಲಿಲ್ಲ.

ಗುಲಾಬಿ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಇದು. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿದರೆ ವರ್ಷಕ್ಕೆ 12. ಮೂವತ್ತು ದಿನ ಮೀರಿದರೆ 18. ತೊಂಬತ್ತು ದಿನ ಮೀರಿದರೆ 24, ಅದೂ ಕೊನೆಯ ಸಲ ಬಡ್ಡಿ ಕಟ್ಟಿದ ದಿನದಿಂದಲೇ ಲೆಕ್ಕ. ಬಾಕಿ ಬಡ್ಡಿ ಪ್ರತಿ ತಿಂಗಳು ಅಸಲಿಗೆ ಸೇರುತ್ತದೆ. ಸಾಲದ ಅವಧಿ ಒಂದು ವರ್ಷ.

ಅಂದರೆ ಕೌಂಟರಿನವರು ಹೇಳಿದ ನೂರಕ್ಕೆ ಒಂದು ಸುಳ್ಳಲ್ಲ. ಅದು ತಪ್ಪದೆ ಕಟ್ಟುವವರಿಗೆ ಇರುವ ರಿಯಾಯಿತಿ. ಅಸಲಿ ದರ 24. ರಿಯಾಯಿತಿಯನ್ನು ಮಾತ್ರ ಹೇಳಿ ದರವನ್ನು ಕಾಗದಕ್ಕೆ ಬಿಟ್ಟರು.

ಅಕ್ಕ 2023ರ ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು 900 ರೂಪಾಯಿ ಹಾಗೆ ಕಟ್ಟಿದರು. ಆಮೇಲೆ ಕಟ್ಟಲಿಲ್ಲ. ಮಳೆಯಲ್ಲಿ ಕೊಳೆರೋಗ ಬಂತು, ಗಂಡನಿಗೆ ಜ್ವರ, ಬೀಡಿಯ ಎಲೆಯೂ ಸರಿಯಾಗಿ ಬರಲಿಲ್ಲ. ಚಿನ್ನ ಅಲ್ಲೇ ಇದೆಯಲ್ಲ, ಬಿಡಿಸುವಾಗ ಒಟ್ಟಿಗೆ ಕೊಟ್ಟರಾಯಿತು ಎಂದು ಗ್ರಹಿಸಿದರು. ಅವರ ಲೆಕ್ಕ ಸರಳ. ತಿಂಗಳಿಗೆ 900, ವರ್ಷಕ್ಕೆ 10,800. ಅಸಲು ಸೇರಿ 1,00,800. ಅಷ್ಟು ಹೊಂದಿಸಬೇಕು ಎಂದು ಸಾಸಿವೆ ಡಬ್ಬಿಯಲ್ಲಿ ಹಣ ಕೂಡಿಡಲು ಶುರುವೂ ಮಾಡಿದ್ದರು.

ಫೈನಾನ್ಸಿನ ಲೆಕ್ಕ ಬೇರೆ. ತಿಂಗಳಿಗೆ ನೂರಕ್ಕೆ ಎರಡು, ಬಡ್ಡಿಗೆ ಬಡ್ಡಿ. 90,000 ಹನ್ನೆರಡು ತಿಂಗಳಲ್ಲಿ 1,14,142 ಆಗುತ್ತದೆ. ನಾನು ಕ್ಯಾಲ್ಕುಲೇಟರಿನಲ್ಲಿ 1.02ನ್ನು ಹನ್ನೆರಡು ಸಲ ಗುಣಿಸಿ ತೋರಿಸಿದೆ. ಪ್ರತಿ ಸಲ ಒತ್ತಿದಾಗಲೂ ಅಕ್ಕ ಬಗ್ಗಿ ನೋಡಿದರು. ನೋಟಿಸಿನ ಖರ್ಚು ಸೇರಿಸಿ ಅವರು ಕೇಳಿದ್ದು 1,14,600.

ವ್ಯತ್ಯಾಸ ಹದಿಮೂರು ಸಾವಿರ ಚಿಲ್ಲರೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೀಡಿಯ ಲೆಕ್ಕಕ್ಕೆ ತಿರುಗಿಸುತ್ತಿದ್ದರು ಅಂತ ಕಾಣುತ್ತದೆ. ಬೆರಳು ಮಡಚುತ್ತಾ ಹೋಗಿ, ಒಂದು ಕೈ ಸಾಲದೆ ಬಿಟ್ಟುಬಿಟ್ಟರು.

ಮೂರು ದಿನ

ಏಲಂ ಆದರೆ ಎಲ್ಲ ಹೋಗುತ್ತದೆ ಎಂದು ಅಕ್ಕ ಹೆದರಿದ್ದರು. ಹಾಗೇನಿಲ್ಲ. ಆಗ ಇದ್ದ ನಿಯಮದ ಪ್ರಕಾರ ಹಿಂದಿನ 30 ದಿನದ ಸರಾಸರಿ ಬೆಲೆಯ ನೂರಕ್ಕೆ 85ಕ್ಕಿಂತ ಕಡಿಮೆಗೆ ಇಂಥ ಕಂಪನಿಗಳು ಏಲಂ ಶುರು ಮಾಡುವ ಹಾಗಿಲ್ಲ. ಬಾಕಿ ಮುರಿದುಕೊಂಡು ಉಳಿದದ್ದನ್ನು ಸಾಲಗಾರರಿಗೆ ಕೊಡಬೇಕು. ಏಲಂ ಬಗ್ಗೆ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಹಾಕಬೇಕು, ಒಂದು ಸ್ಥಳೀಯ ಭಾಷೆಯದ್ದು, ಒಂದು ರಾಷ್ಟ್ರೀಯ ಪತ್ರಿಕೆ. ಅಕ್ಕ ವಾಚನಾಲಯದಲ್ಲಿ ಓದುವುದು ಕನ್ನಡ ಪೇಪರು. ಜಾಹೀರಾತು ಬಂದರೆ ಮಲಯಾಳ ಮತ್ತು ಇಂಗ್ಲಿಷ್ ಪೇಪರಿನಲ್ಲಿ. ಅವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ.

ಚಿನ್ನದ ಬೆಲೆ ಅಷ್ಟರಲ್ಲಿ ಗ್ರಾಂಗೆ ಆರೂವರೆ ಸಾವಿರ ದಾಟಿತ್ತು. ಸರದ ಬೆಲೆ ಒಂದೂವರೆ ಲಕ್ಷಕ್ಕೂ ಜಾಸ್ತಿ. ಅಷ್ಟು ಬೆಲೆಯ ಚಿನ್ನ ಕೈಯಲ್ಲಿ ಇರುವಾಗ ಬೇರೆ ಕಡೆ ಸಾಲ ಸಿಗುವುದು ಕಷ್ಟವಲ್ಲ. ತೊಡಕು ಒಂದೇ. ಚಿನ್ನ ಬಿಡಿಸದೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಹಣ ಇಲ್ಲದೆ ಚಿನ್ನ ಬಿಡಿಸಲಾಗುವುದಿಲ್ಲ. ನಡುವೆ ಅರ್ಧ ದಿನಕ್ಕೆ 1,14,600 ಬೇಕು.

ಅಕ್ಕನಿಗೆ ಮೊದಲು ಹೊಳೆದದ್ದು ಅಡಿಕೆ ವ್ಯಾಪಾರಿ. ಅವರು ಮುಂಗಡ ಕೊಡುತ್ತಾರೆ, ಆದರೆ ಬರುವ ಬೆಳೆ ಅವರು ಹೇಳಿದ ರೇಟಿಗೇ ಹೋಗುತ್ತದೆ. ಬೇಡ ಅಂದೆ. ಕುಟುಂಬಶ್ರೀಯಲ್ಲಿ ಅಷ್ಟು ಹಣ ಇರಲಿಲ್ಲ. ಕೊನೆಗೆ ಅಕ್ಕನ ಅಣ್ಣ ಸಿಕ್ಕಿದರು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಹಾಕಿದ ಹಣ ಅವರ ಖಾತೆಯಲ್ಲಿತ್ತು. "ಸಂಜೆ ಒಳಗೆ ವಾಪಸು ಬರ್ಬೇಕು, ಇಲ್ಲದಿದ್ದರೆ ಅತ್ತಿಗೆ ನನ್ನನ್ನು ಮನೆಗೆ ಸೇರಿಸುವುದಿಲ್ಲ" ಎಂದರು. ಅರ್ಧ ತಮಾಷೆ, ಅರ್ಧ ನಿಜ. ಚಿನ್ನ ಇಟ್ಟ ವಿಷಯ ಯಾಕೆ ಹೇಳಲಿಲ್ಲ ಎಂದು ತಂಗಿಗೆ ಬೈದರು ಕೂಡ. ಅದು ಪೂರ್ತಿ ನಿಜ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೈನಾನ್ಸಿನಲ್ಲಿ ನಾವು ಮೂವರು. ಅಣ್ಣ ಫೋನಿನಿಂದ ಯುಪಿಐ ಮಾಡಲು ಹೋದರೆ ದಿನಕ್ಕೆ ಒಂದು ಲಕ್ಷವೇ ಮಿತಿ. ಉಳಿದ 14,600ಕ್ಕೆ ಅಕ್ಕ ಬೀಡಿ ಕಟ್ಟುವ ಬಟ್ಟೆಯ ಚೀಲದಿಂದ ಸಾಸಿವೆ ಡಬ್ಬಿಯ ಹಣ ತೆಗೆದರು. ನೋಟುಗಳಿಗೆ ಸಾಸಿವೆಯ ವಾಸನೆ ಇತ್ತು. ಎಣಿಸುವ ಹುಡುಗಿ ಒಮ್ಮೆ ಮೂಸಿ ನೋಡಿ ನಕ್ಕಳು. ಸರ ಹೊರಗೆ ಬಂದಾಗ ತೂಕ ಹಾಕಿ ತೋರಿಸಿ ಎಂದು ಕೇಳಿದೆ. ತೂಕ ಸರಿ ಇತ್ತು.

ನಾನು ಖಾತೆಯ ಪೂರ್ತಿ ಲೆಕ್ಕದ ಪ್ರಿಂಟ್ ಕೇಳಿದೆ. ಕನ್ನಡದಲ್ಲಿ ಯಾಕೆ ಏನೂ ಕೊಡಲಿಲ್ಲ ಎಂದೂ ಕೇಳಿದೆ. ಮ್ಯಾನೇಜರು ಒಳ್ಳೆಯ ಮನುಷ್ಯ, ಕೇರಳದ ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು. "ಇದು ಕೇರಳ ಅಲ್ವಾ" ಎಂದು ಮಲಯಾಳದಲ್ಲಿ ಕೇಳಿದರು. ಜಗಳಕ್ಕೆ ಹೇಳಿದ್ದಲ್ಲ. ಅವರಿಗೆ ನಿಜವಾಗಿ ಆಶ್ಚರ್ಯ.

ಅವರನ್ನು ದೂರುವುದು ಸುಲಭ, ಆದರೆ ನಿಯಮವೇ ಅವರಿಗೆ ದಾರಿ ಬಿಟ್ಟಿತ್ತು. ಇಂಥ ಕಂಪನಿಗಳು ಸಾಲಗಾರರಿಗೆ ತಿಳಿಸುವುದನ್ನೆಲ್ಲ "ಸ್ಥಳೀಯ ಭಾಷೆಯಲ್ಲಿ ಅಥವಾ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ" ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕ್ ಹೇಳಿದ್ದರ ತಾತ್ಪರ್ಯ. ಬೇರೆ ಊರಲ್ಲಿ ಎರಡೂ ಒಂದೇ. ಇಲ್ಲಿ ಹಾಗಲ್ಲ. ಆ "ಅಥವಾ" ಎಂಬ ಒಂದು ಪದದೊಳಗೆ ಇಡೀ ಕಾಸರಗೋಡು ಸಿಕ್ಕಿಹಾಕಿಕೊಂಡಿದೆ. ಸರ್ಕಾರಿ ಆಫೀಸಾದರೆ 1969ರ ಕೇರಳ ಅಧಿಕೃತ ಭಾಷಾ ಕಾನೂನು ಹಿಡಿದು ಮಾತಾಡಬಹುದು. ಕಾಸರಗೋಡಿನ ಸ್ಥಳೀಯ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಅದರಲ್ಲಿ ಅವಕಾಶ ಇದೆ. ಖಾಸಗಿ ಫೈನಾನ್ಸಿಗೆ ಅದು ತಾಗುವುದಿಲ್ಲ.

ಬ್ಯಾಂಕಿನ ಕುರ್ಚಿ

ಹನ್ನೊಂದೂವರೆಗೆ ಜನಧನ ಖಾತೆಯ ಬ್ಯಾಂಕಿಗೆ ಹೋದೆವು. ಅದೇ ಬೋರ್ಡು, ಅದೇ ಗೋಡೆ. ನಾನು ಓದಿ ಹೇಳಿದೆ. ಅಕ್ಕ ಬೋರ್ಡನ್ನು ನೋಡಿದರು, ಆಮೇಲೆ ತಾವು ಕ್ಯೂ ನಿಂತ ಜಾಗವನ್ನು ನೋಡಿದರು.

ಚಿನ್ನ ನೋಡುವವರು ಸರವನ್ನು ಒರೆಗಲ್ಲಿಗೆ ತಿಕ್ಕಿ, ಆಸಿಡ್ ಬಿಟ್ಟು ನೋಡಿದರು. 22 ಕ್ಯಾರೆಟ್, 23.6 ಗ್ರಾಂ. ಆ ದಿನದ ಲೆಕ್ಕದಲ್ಲಿ ಗ್ರಾಂಗೆ 4,900ರ ಹತ್ತಿರ ಸಾಲ, ಒಟ್ಟು 1,15,000. ವರ್ಷಕ್ಕೆ ನೂರಕ್ಕೆ 9 ಎಂದರೆ ತಿಂಗಳಿಗೆ 860 ಚಿಲ್ಲರೆ. ಹಿಂದೆ 90,000ಕ್ಕೆ 900 ಕಟ್ಟುತ್ತಿದ್ದರು. ಈಗ ಸಾಲ ಜಾಸ್ತಿ, ಬಡ್ಡಿ ಕಡಿಮೆ. ಅಣ್ಣನ ಒಂದು ಲಕ್ಷ ಎರಡು ಗಂಟೆಯ ಒಳಗೆ ವಾಪಸಾಯಿತು. ಚಿನ್ನ ನೋಡಿದವರ ಫೀಸು ಕಳೆದು ಉಳಿದದ್ದು ಡಬ್ಬಿಗೆ.

ನಡುವೆ ಒಂದು ಗಲಿಬಿಲಿ ಆಯಿತು. ಆಫೀಸರು ಕಂಪ್ಯೂಟರಿನಲ್ಲಿ ಏನೋ ನೋಡಿ, "ನಿಮ್ಮದು ಹಳೆಯ ಸಾಲ ಓವರ್‌ಡ್ಯೂ ತೋರಿಸ್ತದಲ್ಲ, ಸಿಬಿಲ್ ಕಡಿಮೆ ಉಂಟು" ಎಂದರು. ಉಡುಪಿ ಕಡೆಯವರು, ಕನ್ನಡ ಸಲೀಸು. ಅಕ್ಕನಿಗೆ ಸಿಬಿಲ್ ಎಂಬ ಪದ ಕೇಳಿದ್ದೇ ಮೊದಲ ಸಲ. ಸಾಲ ತೆಗೆದವರ ಲೆಕ್ಕ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕಿವೆ, ಅದರಲ್ಲಿ ಒಂದು ಸಿಬಿಲ್. 300ರಿಂದ 900ರವರೆಗೆ ಮಾರ್ಕು. ಚಿನ್ನದ ಫೈನಾನ್ಸಿನ ಸಾಲವೂ ಅದರಲ್ಲಿ ಬರುತ್ತದೆ, ಎಷ್ಟು ದಿನ ತಡವಾಯಿತು ಎಂಬುದೂ ದಾಖಲಾಗುತ್ತದೆ. ನಾಲ್ಕೂ ಕಡೆಯಿಂದ ವರ್ಷಕ್ಕೆ ಒಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಪಡೆಯಬಹುದು. "ನಾನು ಯಾರಿಗೂ ಮೋಸ ಮಾಡಿದವಳಲ್ಲ, ನನಗೆ ಮಾರ್ಕು ಹಾಕಲಿಕ್ಕೆ ಇವರು ಯಾರು?" ಎಂದರು ಅಕ್ಕ. ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಚಿನ್ನ ಕೈಯಲ್ಲಿದ್ದ ಕಾರಣ ಸಾಲಕ್ಕೆ ಅಡ್ಡಿ ಆಗಲಿಲ್ಲ.

ಫಾರ್ಮು ಇಂಗ್ಲಿಷಿನಲ್ಲಿ. ಸಹಿ ಹಾಕುವ ಮೊದಲು ಅಕ್ಕ ಪೆನ್ನು ಕೆಳಗಿಟ್ಟು, "ಇದರಲ್ಲಿ ಎಂತ ಬರೆದುಂಟು, ಓದಿ ಹೇಳಿ ಸಾರ್" ಎಂದರು. ಆಫೀಸರು ಸಂಕ್ಷೇಪ ಹೇಳಲು ನೋಡಿದರು. "ಅಲ್ಲ ಸಾರ್, ಪೂರ್ತಿ." ಇಪ್ಪತ್ತು ನಿಮಿಷ ಹಿಡಿಯಿತು. ಕಟ್ಟುವುದು ತಡವಾದರೆ ಬಡ್ಡಿ ಎಷ್ಟು ಎಂದು ಎರಡು ಸಲ ಕೇಳಿದರು. ಹೆಚ್ಚುವರಿ ನೂರಕ್ಕೆ 2, ಮೊದಲಿನಿಂದ ಅಲ್ಲ, ತಡವಾದ ದಿನಗಳಿಗೆ ಮಾತ್ರ, ಎಂದು ಆಫೀಸರು ಬೆರಳಿಟ್ಟು ತೋರಿಸಿದರು.

ಆಗದೆ ಹೋದದ್ದು

ಫೈನಾನ್ಸಿನ ಮೇಲೆ ದೂರು ಕೊಡಬೇಕು ಎಂದು ನಾನು ಹಠ ಹಿಡಿದೆ. ಮೊದಲು ಕಂಪನಿಗೇ ಬರೆಯಬೇಕು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಕೇಳುವ ಅಧಿಕಾರಿ, ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. 2021ರ ನವೆಂಬರಿನಿಂದ ಬ್ಯಾಂಕು, ಫೈನಾನ್ಸು ಎಲ್ಲಕ್ಕೂ ಒಂದೇ ವ್ಯವಸ್ಥೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಕಂಪನಿಗೆ ಕನ್ನಡದಲ್ಲೇ ಬರೆದೆವು. ಮೂರು ವಾರದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂತು. ಗ್ರಾಹಕರು ಎಲ್ಲ ಷರತ್ತುಗಳನ್ನು ಓದಿ ಸಹಿ ಹಾಕಿದ್ದಾರೆ, ಆದರೂ ಸದ್ಭಾವನೆಯಿಂದ ನೋಟಿಸಿನ ಖರ್ಚು ವಾಪಸು ಕೊಡುತ್ತೇವೆ ಎಂದು. 458 ರೂಪಾಯಿ ಖಾತೆಗೆ ಬಿತ್ತು.

ಮುಂದೆ ಹೋಗೋಣ ಎಂದೆ. ಅಕ್ಕ ಬೇಡ ಎಂದರು. "ಸರ ಸಿಕ್ಕಿತಲ್ಲ ತಂಗೀ. ನನಗೆ ಬೀಡಿ ಕಟ್ಟಲಿಕ್ಕೆ ಉಂಟು." ನನಗೆ ಈಗಲೂ ಅದು ಸರಿ ಅನ್ನಿಸುವುದಿಲ್ಲ. ಓದಲು ಬಾರದ ಭಾಷೆಯಲ್ಲಿ "ಓದಿದ್ದೇನೆ" ಎಂದು ಸಹಿ ಹಾಕಿಸಿಕೊಂಡದ್ದನ್ನು ಒಬ್ಬರಾದರೂ ಕೊನೆಯವರೆಗೆ ಪ್ರಶ್ನೆ ಮಾಡಬೇಕಿತ್ತು. ಆದರೆ ದುಡ್ಡು ಅವರದ್ದು, ಹೊತ್ತೂ ಅವರದ್ದು.

ಇನ್ನೊಂದು ಪ್ರಯತ್ನವೂ ಅರ್ಧಕ್ಕೆ ನಿಂತಿತು. ಕಿಸಾನ್ ಕ್ರೆಡಿಟ್ ಕಾರ್ಡ್. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ 7, ಸರಿಯಾದ ಸಮಯಕ್ಕೆ ಕಟ್ಟಿದರೆ 3 ಮಾಫಿ, ಕೊನೆಗೆ ಬೀಳುವುದು 4 ಮಾತ್ರ. ಆಗ 1,60,000ದವರೆಗೆ ಏನೂ ಒತ್ತೆ ಇಡಬೇಕಾಗಿರಲಿಲ್ಲ. 2025ರ ಜನವರಿಯಿಂದ ಅದು ಎರಡು ಲಕ್ಷ ಆಗಿದೆ. ಅಂದರೆ ಸರ ಮನೆಯಲ್ಲೇ ಇರಬಹುದಿತ್ತು. ಬ್ಯಾಂಕಿನವರು ಭೂ ತೆರಿಗೆ ರಸೀದಿ ಮತ್ತು ವಿಲೇಜ್ ಆಫೀಸಿನಿಂದ ಕೈವಶ ಸರ್ಟಿಫಿಕೇಟ್, ಅಂದರೆ ಜಾಗ ಯಾರ ಸ್ವಾಧೀನದಲ್ಲಿದೆ ಎನ್ನುವ ಕಾಗದ, ಕೇಳಿದರು. ತೆರಿಗೆ ರಸೀದಿ ತೆಗೆದರೆ ಜಾಗ ಇನ್ನೂ ತೀರಿಕೊಂಡ ಮಾವನ ಹೆಸರಲ್ಲಿ. ಗಂಡನ ಜೊತೆ ಹುಟ್ಟಿದವರು ಆರು ಜನ, ಒಬ್ಬರು ಮುಂಬೈಯಲ್ಲಿ, ಇಬ್ಬರು ಹೆಂಗಸರು ಕರ್ನಾಟಕಕ್ಕೆ ಮದುವೆಯಾಗಿ ಹೋದವರು. ಪಾಲಾಗಿಲ್ಲ. ಪಾಲಿನ ಮಾತು ಎತ್ತಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಎತ್ತಲಿಲ್ಲ.

ಒಂದು ವರ್ಷದ ನಂತರ

ಅಕ್ಕ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿದರು. ಬೀಡಿಯ ಮಜೂರಿ ಬಂದ ಮರುದಿನವೇ. ಅಡಿಕೆ ಮಾರಿದಾಗ ಅಸಲಿಗೆ 40,000 ಹಾಕಿದರು. 2025ರ ಸೆಪ್ಟೆಂಬರಿನಲ್ಲಿ ಉಳಿದ 75,000ಕ್ಕೆ ಸಾಲ ಹೊಸತು ಮಾಡಿಸಲು ಹೋದಾಗ ನನ್ನನ್ನೂ ಕರೆದರು.

ಅಷ್ಟರಲ್ಲಿ ನಿಯಮ ಸ್ವಲ್ಪ ಬದಲಾಗಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಮುಖ್ಯ ವಿವರಗಳ ಒಂದು ಹಾಳೆ ಕೊಡಬೇಕು. ಬಡ್ಡಿ, ಖರ್ಚು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಇಲ್ಲಿ "ಅಥವಾ" ಇಲ್ಲ. 2025ರ ಜೂನಿನಲ್ಲಿ ಚಿನ್ನದ ಸಾಲಕ್ಕೆಂದೇ ಬಂದ ಹೊಸ ನಿರ್ದೇಶನದಲ್ಲಿ, ಓದಲು ಬಾರದವರಿಗೆ ಷರತ್ತುಗಳನ್ನು ಸಾಕ್ಷಿಯ ಎದುರು ವಿವರಿಸಬೇಕು, ಆ ಸಾಕ್ಷಿ ಸಾಲ ಕೊಡುವವರ ಸಿಬ್ಬಂದಿ ಆಗಿರಬಾರದು ಎಂದೂ ಇದೆ. ಅದನ್ನು ಜಾರಿಗೆ ತರಲು ಕೊಟ್ಟ ಗಡುವು 2026ರ ಏಪ್ರಿಲ್ 1. ಕನ್ನಡ ಓದುವ, ಮಲಯಾಳ ಓದದ ಅಕ್ಕ ಇದರಲ್ಲಿ ಓದಲು ಬರುವವರೋ, ಬಾರದವರೋ? ನನಗಂತೂ ಇದು ತಮಾಷೆಯ ಪ್ರಶ್ನೆ ಅಲ್ಲ.

ಬ್ಯಾಂಕಿನಲ್ಲಿ ಹೊಸ ಆಫೀಸರು, ಮಲಯಾಳದವರು, ಚಿಕ್ಕ ವಯಸ್ಸಿನ ಹುಡುಗಿ. ಹಾಳೆ ಮಲಯಾಳದಲ್ಲಿ ಪ್ರಿಂಟ್ ಆಗಿ ಬಂತು. ಅಕ್ಕ ಅದನ್ನು ತಿರುಗಿಸಿ ಮೇಜಿನ ಆಚೆಗೆ ದೂಡಿ, ಮಲಯಾಳದಲ್ಲೇ ಹೇಳಿದರು, ನನಗೆ ಕನ್ನಡ ಬೇಕು ಎಂದು. ಹುಡುಗಿ ಸ್ಕ್ರೀನ್ ಮೇಲೆ ಏನೋ ಹುಡುಕಿದಳು. ಭಾಷೆ ಆಯ್ಕೆ ಮಾಡುವ ಪಟ್ಟಿ ಒಂದು ತೆರೆಯಿತು. ಬಂಗಾಳಿ, ಗುಜರಾತಿ, ಹಿಂದಿ, ಕನ್ನಡ. ಅಲ್ಲೇ ಇತ್ತು. ಕರ್ನಾಟಕದಲ್ಲೂ ಶಾಖೆಗಳಿರುವ ಬ್ಯಾಂಕಲ್ವಾ, ಇಲ್ಲದೆ ಎಲ್ಲಿ ಹೋಗುತ್ತದೆ? "ಇದುವರೆಗೆ ಯಾರೂ ಕೇಳಲಿಲ್ಲ ಚೇಚಿ" ಎಂದಳು ಹುಡುಗಿ, ಪಾಪ, ಸ್ವಲ್ಪ ನಾಚಿ.

ಕನ್ನಡದ ಹಾಳೆ ಬಂತು. ಭಾಷೆ ಸ್ವಲ್ಪ ಗಡುಸು, "ವಾರ್ಷಿಕ ಶೇಕಡಾವಾರು ದರ" ಎಂಬಲ್ಲಿ ಅಕ್ಕ ನಿಂತರು. ಬಡ್ಡಿ 9, ಖರ್ಚೆಲ್ಲ ಸೇರಿ 9.6 ಎಂದು ವಿವರಿಸಿದೆ. ಉಳಿದದ್ದನ್ನು ತಾವೇ ಓದಿದರು, ಬೆರಳು ಸಾಲಿನ ಕೆಳಗೆ ಎಳೆಯುತ್ತಾ, ತುಟಿ ಅಲ್ಲಾಡಿಸುತ್ತಾ. ಆಮೇಲೆ ಸಹಿ.

ಮೊನ್ನೆ ನನ್ನ ಕೇಂದ್ರಕ್ಕೆ ಮತ್ತೆ ಒಂದು ಲಕೋಟೆ ಹಿಡಿದುಕೊಂಡು ಬಂದರು. ಬಂದ ದಿನವೇ ತಂದಿದ್ದರು, ಬಿಡಿಸಿರಲೂ ಇಲ್ಲ. ಒಳಗೆ ಹೊಳೆಯುವ ಕಾಗದ, ಕ್ರೆಡಿಟ್ ಕಾರ್ಡಿನದ್ದು, ಮಲಯಾಳ ಮತ್ತು ಇಂಗ್ಲಿಷಿನಲ್ಲಿ.

"ಎಂತ ತಂಗೀ, ಏಲಮ್ಮಾ?"

"ಅಲ್ಲ ಅಕ್ಕ. ಇದು ನಿಜವಾಗಿಯೂ ಆಫರ್."

ಅಕ್ಕ ಅದನ್ನು ಎರಡಾಗಿ ಮಡಚಿ ಕವರಿಗೆ ಹಾಕಿಕೊಂಡರು. ಬೀಡಿ ಎಲೆ ಕತ್ತರಿಸುವಾಗ ಅಳತೆಗೆ ಇಡಲು ಗಟ್ಟಿ ಕಾಗದ ಒಳ್ಳೆಯದಂತೆ.